ಓದಿ ಹೇಳದೆ ಹಾಕಿಸಿದ ಸಹಿ

ಎರಡು ವರ್ಷದ ಹಿಂದೆ, ಹೊಲದಲ್ಲಿ ರಾಗಿ ತೆನೆ ಕಟ್ಟುವ ಕಾಲ. ತಮಿಳುನಾಡಿಗೆ ಸೇರಿದ ಹೊಸೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ನಾನು ಅದೇ ವರ್ಷ ನಿವೃತ್ತಳಾಗಿದ್ದೆ. ಅಲ್ಲೇ ಆಲಸನತ್ತಂನ ಮನೆಯಲ್ಲಿ ಕೂತು ಕೂತು ಬೇಸರ ಬಂದಿದ್ದಾಗ ಬೆಂಗಳೂರಿನ ಒಂದು ಚಿಕ್ಕ ಸಂಶೋಧನಾ ಸಂಸ್ಥೆಯವರು ಕೆಲಸ ಕೊಟ್ಟರು. ಡೆಂಕಣಿಕೋಟೆ ಕಡೆಯ ಕಾಡಂಚಿನ ಹಳ್ಳಿಗೆ ಹೋಗಿ, ಆನೆಗಳಿಂದ ಯಾರ ಬೆಳೆ ಹಾಳಾಯಿತು, ಪರಿಹಾರ ಕೇಳಲು ಹೋದಾಗ ಏನಾಯಿತು ಎಂದು ಕೇಳಿ ಬರೆದುಕೊಳ್ಳುವುದು. ಅದನ್ನೆಲ್ಲ ಸೇರಿಸಿ, ಪರಿಹಾರದ ನಿಯಮ ಬದಲಿಸಿ ಎಂದು ಸರ್ಕಾರಕ್ಕೆ ವರದಿ ಕೊಡುವವರಿದ್ದರು. ಕನ್ನಡ, ತಮಿಳು, ತೆಲುಗು ಮೂರೂ ಬರುತ್ತವೆಂದು ನನ್ನನ್ನು ಆರಿಸಿದ್ದರು.

ಈ ಸಂಸ್ಥೆಗೆ ಹಣ ಬರುತ್ತಿದ್ದುದು ಹೊರದೇಶದ ಒಂದು ಟ್ರಸ್ಟಿನಿಂದ. ಹಾಗೆ ಹಣ ಪಡೆಯುವವರು ಅದನ್ನು ಮುಚ್ಚಿಡುವಂತಿಲ್ಲ, ಬಹಿರಂಗವಾಗಿ ತಿಳಿಸಬೇಕು ಎಂದು ಕಾನೂನಿದೆಯಂತೆ. ಅದಕ್ಕಾಗಿ ಆಫೀಸಿನವರು ಒಂದು ಹಾಳೆ ಅಚ್ಚು ಹಾಕಿಸಿದ್ದರು. "ಪ್ರಶ್ನೆ ಕೇಳುವ ಮೊದಲು ಇದನ್ನು ಓದಿ ಹೇಳಿ, ಒಪ್ಪಿದರೆ ಸಹಿ ಹಾಕಿಸಿ, ಒಂದು ಪ್ರತಿ ಅವರಿಗೇ ಕೊಡಿ" ಎಂದು ಮತ್ತೆ ಮತ್ತೆ ಹೇಳಿದ್ದರು. ಹಾಳೆ ಇದ್ದದ್ದು ತಮಿಳಿನಲ್ಲಿ. ನಾನು ಹೋದ ಹಳ್ಳಿಯಲ್ಲಿ ಮನೆಮಾತು ಕನ್ನಡ. ತಮಿಳು ಸಲೀಸಾಗಿ ಮಾತಾಡುತ್ತಾರೆ, ಆದರೆ ವಯಸ್ಸಾದವರಿಗೆ ಓದಲು ಬಾರದು. ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಕೆಲಸವಾಗಿತ್ತು.

ಅಲ್ಲಿ ಹೊಸಬರು ಒಬ್ಬರೇ ಹೋದರೆ ಯಾರೂ ಬಾಯಿ ಬಿಡುವುದಿಲ್ಲ. ಊರಿನವರೊಬ್ಬರು ಜೊತೆಗೆ ಬಂದು ಇವರು ನಮ್ಮವರು ಅನ್ನಬೇಕು. ಆಮೇಲೆ ಹೊಸಬರು ಏನೇ ಮಾಡಿದರೂ ಅದು ಕರೆತಂದವರ ತಲೆಗೇ ಬರುತ್ತದೆ. ನನ್ನನ್ನು ಹಾಗೆ ಕರೆದೊಯ್ದವರು ಮಾದಮ್ಮ. ಅವರ ಮಗಳು ನನ್ನ ಹತ್ತಿರ ಓದಿದವಳು. "ನಮ್ ಟೀಚರಮ್ಮ ಕಣಕ್ಕಾ, ಇದ್ದದ್ದು ಇದ್ದಂಗೆ ಹೇಳ್ಬುಡು" ಎಂದು ಮನೆಮನೆಯಲ್ಲೂ ಕೂರಿಸಿದರು. ಆ ವರ್ಷ ಅವರದೇ ಹೊಲಕ್ಕೆ ಮೂರು ಸಲ ಆನೆ ನುಗ್ಗಿತ್ತು. ಪರಿಹಾರಕ್ಕಾಗಿ ಅವರು ಅಲೆದಷ್ಟು ಊರಲ್ಲಿ ಬೇರೆ ಯಾರೂ ಅಲೆದಿರಲಿಲ್ಲ.

ಮೊದಲ ಮನೆಯಲ್ಲೇ ನಾನು ಆ ಹಾಳೆ ಓದಲಿಲ್ಲ. ಫಾರಿನ್ ದುಡ್ಡು ಅಂದರೆ ಜನ ಹೆದರಿ ಎದ್ದುಹೋಗುತ್ತಾರೆ, ಇವರಿಗೆ ಇದೆಲ್ಲ ಯಾಕೆ ಎಂಬ ಬುದ್ಧಿವಂತಿಕೆ ನನ್ನದು. ಪಾಠದಲ್ಲಿ ಕಷ್ಟದ್ದನ್ನು ಹಾರಿಸಿ ಸುಲಭದ್ದು ಹೇಳುವ ಹಳೇ ಚಾಳಿ ಬೇರೆ. "ಆಫೀಸಿನ ಕಾಗದ, ಒಂದು ಸೈನ್ ಹಾಕಿ" ಎಂದಷ್ಟೇ ಹೇಳಿ ಊರಿಡೀ ಸಹಿ ಹಾಕಿಸಿ, ಒಂದೊಂದು ಪ್ರತಿ ಕೊಟ್ಟುಬಿಟ್ಟೆ. ಮಾದಮ್ಮನೂ ಹಾಕಿದರು.

ಹತ್ತು ದಿನ ಆಗಿರಬೇಕು, ಅವರ ಫೋನ್ ಬಂತು. "ಟೀಚರಮ್ಮ, ಒಸಿ ಬಂದೋಗಿ" ಅಂದರು. ಬರೆದ ಕಾಗದಗಳೆಲ್ಲ ಇನ್ನೂ ನನ್ನ ಬಳಿಯೇ ಇದ್ದವು. ಅವನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟೆ.

ಆದದ್ದು ಇಷ್ಟು. ಅವರ ಮೈದುನ ಕೃಷ್ಣಪ್ಪ ಹೊಸೂರಿನ ಫ್ಯಾಕ್ಟರಿಗೆ ಹೋಗಿಬರುವವರು, ತಮಿಳಿನಲ್ಲೇ ಓದಿದವರು. ರಜೆಯ ದಿನ ಮನೆಯಲ್ಲಿದ್ದ ಹಾಳೆ ಅವರ ಕಣ್ಣಿಗೆ ಬಿದ್ದಿದೆ. ಸಂಜೆಯೊಳಗೆ ಊರೆಲ್ಲ ಸುದ್ದಿ. ಫಾರಿನ್‌ನವರು ಆನೆಗಳಿಗಾಗಿ ದುಡ್ಡು ಕಳಿಸಿದ್ದಾರೆ, ನಮ್ಮ ಸೈನ್ ತೋರಿಸಿ ನಮ್ಮ ಹೊಲ ಬಿಡಿಸುತ್ತಾರೆ, ಅದರಲ್ಲಿ ಮಾದಮ್ಮನಿಗೂ ಪಾಲಿದೆ. ಅವರು ಡೇರಿಗೆ ಹಾಲು ಹಾಕಲು ಹೋದರೆ ಪಕ್ಕದಲ್ಲಿ ನಿಂತವರು ಮುಖ ತಿರುಗಿಸಿದರಂತೆ.

ಕೃಷ್ಣಪ್ಪ ಹಾಳೆಯನ್ನು ನನ್ನ ಮುಂದೆ ಹಿಡಿದರು. "ಇದ್ರಲ್ಲಿ ಫಾರಿನ್ ಟ್ರಸ್ಟ್ ಅಂತ ಅಚ್ಚಾಗೈತೆ. ನೀವ್ ಯಾಕ್ ಹೇಳ್ಲಿಲ್ಲ ಮೇಡಂ?"

"ಹೇಳಬೇಕಿತ್ತಪ್ಪ. ನೀವೆಲ್ಲ ಹೆದರ್ಕೊತೀರಿ ಅಂತ ಬಿಟ್ಟೆ."

"ಈಗ ಹೆದರ್ಕೊಂಡಿಲ್ವಾ?" ಅಂದರು.

ಆಫೀಸಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅಲ್ಲಿದ್ದಾಕೆ ಬೈಯಲಿಲ್ಲ. "ಓದಿ ಹೇಳಿ ಅಂತಲೇ ಕೊಟ್ಟಿದ್ವಲ್ಲ ಮೇಡಂ" ಅಂದಳು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಮಾದಮ್ಮನ ಜೊತೆ ಮತ್ತೆ ಒಂದೊಂದೇ ಮನೆ ಹತ್ತಿದೆ. ಪ್ರತಿ ಬಾಗಿಲಲ್ಲೂ ಮೊದಲು, "ಇದು ಮಾದಮ್ಮನಿಗೆ ಗೊತ್ತೇ ಇರಲಿಲ್ಲ, ಮುಚ್ಚಿಟ್ಟಿದ್ದು ನಾನು" ಅಂದೆ. ಆಮೇಲೆ ಹಾಳೆಯನ್ನು ಕನ್ನಡದಲ್ಲಿ ಪೂರ್ತಿ ಹೇಳಿ, ಬೇಡ ಅನ್ನುವವರು ತಮ್ಮ ಸಹಿ, ಹೇಳಿಕೆ ಇರುವ ಕಾಗದ ವಾಪಸ್ ತೆಗೆದುಕೊಳ್ಳಬಹುದು, ವರದಿಯಲ್ಲಿ ಅವರ ಮಾತು ಬರುವುದಿಲ್ಲ ಎಂದೆ. ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಒಬ್ಬ ಅಜ್ಜ ಮಾತ್ರ ನಕ್ಕುಬಿಟ್ಟರು. "ಅಷ್ಟೇನಾ? ನನ್ ರಾಗಿ ತಿಂದ ಆನೆ ಏನ್ ಫಾರಿನ್‌ನಿಂದ ಬಂದಿತ್ತಾ? ಇರ್ಲಿ ಬುಡಮ್ಮ." ಎರಡು ಮನೆಯವರು ಕಾಗದ ವಾಪಸ್ ತೆಗೆದುಕೊಂಡರು. ಉಳಿದವರು ಇರಲಿ ಅಂದರು. ಮಾದಮ್ಮನನ್ನು ಕೂತು ನೀರು ಕುಡಿದು ಹೋಗು ಎಂದು ಕರೆದವರೂ ಇದ್ದರು. ಅದನ್ನು ಕೇಳಿ ನನ್ನ ಎದೆ ಸ್ವಲ್ಪ ಹಗುರವಾಯಿತು.

ಕೊನೆಗೆ ಅವರ ಮನೆ ಜಗಲಿಯಲ್ಲಿ ಕೂತೆವು. "ನಿಮ್ಮದೊಂದು ಉಳಿಯಿತು" ಎಂದು ಅವರಿಗೂ ಓದಿ ಹೇಳಿದೆ. ಪೂರ್ತಿ ಕೇಳಿ ಕೈ ಚಾಚಿದರು.

"ನಂದು ಕೊಟ್ಬುಡಿ."

"ಮಾದಮ್ಮ, ಎಲ್ಲರಿಗಿಂತ ಹೆಚ್ಚು ಹಾಳಾಗಿದ್ದು ನಿಮ್ಮ ಹೊಲ. ಅದೇ ಇಲ್ಲ ಅಂದರೆ ಹೇಗೆ?"

"ದುಡ್ಡು ಎಲ್ಲಿಂದಾದ್ರೂ ಬರ್ಲಿ, ನಂಗೇನು. ನಿಮ್ನ ನಂಬಿ ಊರೆಲ್ಲಾ ಹೇಳ್ಕೊಂಡ್ ಬಂದೆ. ನನ್ ಕಿವೀಲಾದ್ರೂ ಒಂದ್ ಮಾತ್ ಹಾಕ್ಬೋದಿತ್ತು ಟೀಚರಮ್ಮ."

ಕೊಟ್ಟೆ. ಅವರು ಅದನ್ನು ಮಡಿಸಿ ಒಳಗಿಟ್ಟು ಬಂದು, ಮುದ್ದೆ ಬಡಿಸಿ, ಬಸ್ ನಿಲ್ಲುವ ಜಾಗದವರೆಗೂ ಜೊತೆಗೆ ನಡೆದರು.

ವರದಿ ಸರ್ಕಾರಕ್ಕೆ ಹೋಯಿತು. ಒಂದು ಪ್ರತಿ ನನಗೂ ಬಂತು. ಟ್ರಸ್ಟಿನ ಹೆಸರು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ಮಾದಮ್ಮನ ಹೊಲ ಯಾವ ಪುಟದಲ್ಲೂ ಇಲ್ಲ. ಅದಕ್ಕೆ ಕಾರಣ ನಾನೇ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಅವರು ಈಗಲೂ ಆಗಾಗ ಫೋನ್ ಮಾಡುತ್ತಾರೆ, ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳುತ್ತಾರೆ, ಮಗಳ ಸುದ್ದಿ ಹೇಳುತ್ತಾರೆ. ಆನೆ ಬಂತೋ ಇಲ್ಲವೋ ಎಂಬುದನ್ನು ಮಾತ್ರ ನನಗೆ ಹೇಳುವುದಿಲ್ಲ.