ಅಕ್ಕನ ಮೀನಿನ ತೊಟ್ಟಿ ಮತ್ತು ಬಸವನಹುಳು

ಹಲ್ಲು ಅಲ್ಲಾಡುವ ವಯಸ್ಸಿಗೆ ಮನುಷ್ಯ ಏನೇನು ಮಾಡಬೇಕಾಗುತ್ತದೆ ನೋಡಿ. ಎಳೆ ಸೌತೆಕಾಯಿಯನ್ನು ಹಸಿಯಾಗಿ ಕಡಿಯುವ ಧೈರ್ಯವಿಲ್ಲದೆ, ಇವತ್ತು ಬೆಳಿಗ್ಗೆ ಬಿಲ್ಲೆ ಮಾಡಿ ಕುದಿಯುವ ನೀರಲ್ಲಿ ಒಂದು ಗಳಿಗೆ ಅದ್ದಿದೆ. ಹಸಿಯೂ ಅಲ್ಲದ, ಬೆಂದದ್ದೂ ಅಲ್ಲದ ಆ ವಾಸನೆ ಮೂಗಿಗೆ ಬಡಿದದ್ದೇ ತಿನ್ನುವ ಆಸೆ ಹೋಯಿತು. ಸಾಗರದ ನನ್ನ ಅಡುಗೆಮನೆಯಲ್ಲಿ ನಿಂತವಳ ಮನಸ್ಸು ಹೊಸನಗರದಲ್ಲಿ ಅಕ್ಕನ ಮಂಚದ ಪಕ್ಕಕ್ಕೆ ಹೋಗಿಬಿಟ್ಟಿತು. ಸೌತೆಕಾಯಿ ಹಿಡಿದು ಕಣ್ಣೊರೆಸಿಕೊಳ್ಳುವವರು ಊರಲ್ಲಿ ಇನ್ನೆಷ್ಟು ಜನ ಇದ್ದಾರೋ ನಾ ಕಾಣೆ. ಈರುಳ್ಳಿಯಾದರೂ ಆಗಿದ್ದರೆ ನೆಪ ಹೇಳಬಹುದಿತ್ತು.

ಅಕ್ಕನ ಗಂಡ, ಅಂದರೆ ನನ್ನ ಭಾವ, ಹೊಸನಗರದ ಪೇಟೆಯಲ್ಲಿ ಗೊಬ್ಬರ ಮತ್ತು ಔಷಧಿ ಅಂಗಡಿ ಇಟ್ಟಿದ್ದವರು. ಔಷಧಿಯೆಂದರೆ ಮನುಷ್ಯರದ್ದಲ್ಲ, ಗಿಡಗಳದ್ದು. ಅಡಿಕೆಗೆ ಕೊಳೆರೋಗ ಬಂದರೂ, ಸಸಿಮಡಿಗೆ ಹುಳ ಬಿದ್ದರೂ ಜನ ಅವರ ಅಂಗಡಿ ಮೆಟ್ಟಿಲು ಹತ್ತುತ್ತಿದ್ದರು. ಮುಕ್ಕಾಲು ಪಾಲು ರೋಗಕ್ಕೆ ಭಾವನ ಬಾಯಲ್ಲಿ ಮದ್ದು ಒಂದೇ, ಮೈಲುತುತ್ತ. ಆ ನೀಲಿ ಹರಳನ್ನು ಸುಣ್ಣದ ಜೊತೆ ಕಲಸಿ ಹೊಡೆದರೆ ಕೊಳೆ ನಿಲ್ಲುತ್ತದೆ, ಬರೀ ನೀರಲ್ಲಿ ಕರಗಿಸಿ ಚಿಮುಕಿಸಿದರೆ ಬಸವನಹುಳು ಸಾಯುತ್ತದೆ. "ಮೈಲುತುತ್ತ ಒಂದಿದ್ರೆ ಯಮನ್ನೂ ಗೇಟಿನ ಹೊರಗೇ ನಿಲ್ಲಿಸ್ಬೋದು" ಎಂದು ನಗುತ್ತಿದ್ದರು. ನಗುವ ಮನುಷ್ಯ ಅವರು. ಸುಳ್ಳನ್ನೂ ನಗುನಗುತ್ತ, ಕೇಳುವವರ ಹೊಟ್ಟೆ ತಣ್ಣಗಾಗುವ ಹಾಗೆ ಹೇಳುತ್ತಿದ್ದರು.

ಅಕ್ಕನಿಗೆ ಲಕ್ವ ಹೊಡೆದ ಮೇಲೆ ಆ ಸುಳ್ಳುಗಳು ಹೆಚ್ಚಾದವು. ಆರೈಕೆಗೆಂದು ನಾನೂ ಹೋಗಿ ಅವರ ಮನೆಯಲ್ಲೇ ಉಳಿದೆ. ಅವಳ ಬಲಭಾಗ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ಭಾವ ಮಾತ್ರ ದಿನಾ ಬೆಳಿಗ್ಗೆ, "ನಿನ್ನೆಗಿಂತ ಇವತ್ತು ಮುಖ ಎಷ್ಟು ಚೆನ್ನಾಗಿದೆ! ದೀಪಾವಳಿಗೆ ನೀನೇ ಹೋಳಿಗೆ ಮಾಡ್ತೀಯ, ಡಾಕ್ಟ್ರೇ ಹೇಳಿದಾರೆ" ಅನ್ನುವರು. ಡಾಕ್ಟರು ಅಂಥದ್ದೇನೂ ಹೇಳಿರಲಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು. ವಾರೆಯಾದ ಬಾಯಲ್ಲೇ ನಕ್ಕು, "ಹೇಳಿ... ಹೇಳಿ" ಅನ್ನುವಳು.

ಅವಳ ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಒಂದಿಷ್ಟು ಮಿಸುಕುತ್ತಿದ್ದವು. ಅವೆರಡಕ್ಕೂ ದಿನಾ ಕೆಲಸ ಕೊಡಿ, ಇಲ್ಲದಿದ್ದರೆ ಅವೂ ಮಡಚಿಕೊಳ್ಳುತ್ತವೆ ಎಂದು ವ್ಯಾಯಾಮ ಮಾಡಿಸುವಾಕೆ ಎಚ್ಚರಿಸಿದ್ದಳು. ಗೋಲಿ ಹೆಕ್ಕು, ಬಟಾಣಿ ಹೆಕ್ಕು ಎಂದರೆ ಅಕ್ಕ ಮುಖ ತಿರುಗಿಸುತ್ತಿದ್ದಳು. ಅವಳಿಗೂ ಸಿಟ್ಟಿತ್ತು, ನಮ್ಮ ವಂಶದ್ದೇ ಅದು. ಆಗ ಭಾವ ಸಾಗರದಿಂದ ಒಂದು ಗಾಜಿನ ತೊಟ್ಟಿ, ಹಿಡಿ ತುಂಬ ಗಪ್ಪಿ ಮೀನು ತಂದು ಮಂಚದ ಮಗ್ಗುಲಿಗೇ ಇಟ್ಟರು. ನಾವು ಅವಳ ಮುಂಗೈ ಎತ್ತಿ ತೊಟ್ಟಿಯ ಅಂಚಿಗೆ ಇಡುವುದು, ಅವಳು ಎರಡು ಬೆರಳಲ್ಲಿ ಮೀನಿನ ಆಹಾರ ಚಿವುಟಿ ನೀರಿಗೆ ಬಿಡುವುದು. ಮೊದಮೊದಲು ಹಾಸಿಗೆ ತುಂಬ ಚೆಲ್ಲುತ್ತಿದ್ದಳು. ಒಂದು ದಿನ ಚೂರೂ ಚೆಲ್ಲದೆ ಹಾಕಿದಳು. ಮೀನುಗಳೆಲ್ಲ ಅವಳ ಬೆರಳ ಕೆಳಗೆ ಮುತ್ತಿಕೊಂಡವು. "ನೋಡೇ, ನನ್ನ ಗುರ್ತು... ಸಿಕ್ತು ಅವಕ್ಕೆ" ಎಂದಳು. ಕಾಯಿಲೆ ಬಿದ್ದ ಮೇಲೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತೊಟ್ಟಿ ಬೋಳು ಕಾಣುತ್ತದೆಂದು ಭಾವ ಹುಂಚದ ಕಡೆ ಹೋದವರು ಯಾವುದೋ ಕೆರೆಯಿಂದ ನೀರುಗಿಡ ಕಿತ್ತು ತಂದರು. ಎಲೆಯಡಿ ಲೋಳೆಯಂಥ ಮೊಟ್ಟೆ ಇದ್ದದ್ದನ್ನು ಯಾರು ನೋಡಿದ್ದರು? ಸಾಸಿವೆ ಕಾಳಿನಷ್ಟು ಬಸವನಹುಳು ಗಾಜಿನ ಮೇಲೆ ಕಂಡಾಗ ನಮಗೆಲ್ಲ ಮುದ್ದು ಬಂತು. ಕೆಲವೇ ವಾರ, ಗಾಜೆಲ್ಲ ಅವುಗಳದ್ದೇ ಸಾಮ್ರಾಜ್ಯ. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇಲ್ಲವಂತೆ. ಜಾತಕ ಕೂಡಿಸುವ ರಗಳೆಯೇ ಇಲ್ಲದ ಮೇಲೆ ಸಂಸಾರ ಬೆಳೆಯದೆ ಇನ್ನೇನು? ನೋಡಲು ಬಂದ ನೆಂಟರು, "ಊರಿಗೆಲ್ಲ ಹುಳದ ಔಷಧಿ ಮಾರೋರ ಮನೇಲೇ ಬಸವನಹುಳವಾ!" ಎಂದು ಕಿಚಾಯಿಸಿದರು. ಭಾವನಿಗೆ ಉರಿದುಹೋಯಿತು.

ಕೈಯಲ್ಲಿ ಹೆಕ್ಕಿ ಸಾಕಾಗಿ ಸೌತೆಕಾಯಿ ಹಿಡಿದದ್ದು ಆಗಲೇ. ಬಿಲ್ಲೆಯನ್ನು ಬಿಸಿನೀರಲ್ಲಿ ಅದ್ದಿ, ದಾರದಲ್ಲಿ ಕಲ್ಲು ಕಟ್ಟಿ, ಸಂಜೆ ತೊಟ್ಟಿಗೆ ಇಳಿಬಿಡುವುದು. ಬೆಳಿಗ್ಗೆ ದಾರ ಎಳೆದರೆ ಬಿಲ್ಲೆ ಕಾಣದಷ್ಟು ಹುಳ ಅಂಟಿಕೊಂಡಿರುತ್ತಿತ್ತು. ಅಕ್ಕ ಅದನ್ನು ನೋಡಲೆಂದೇ ಬೇಗ ಏಳುವಳು. ಆದರೆ ತೆಗೆದಷ್ಟೂ ಮತ್ತೆ ತುಂಬುತ್ತಿತ್ತು. ಕೊನೆಗೆ ಭಾವ ಸಾಗರದ ಮೀನಿನಂಗಡಿಗೇ ಹೋಗಿ ಕೇಳಿದರು. ಅಂಗಡಿಯಾತ, "ಮೀನಿಗೆ ಹಾಕಿದ್ದು ಹೆಚ್ಚಾಗಿ ತಳದಲ್ಲಿ ಕೊಳೆಯುತ್ತೆ, ಹುಳಕ್ಕೆ ಅದೇ ಹಬ್ಬ. ದಿನ ಬಿಟ್ಟು ದಿನ ಒಂದು ಚಿಟಿಕೆ ಹಾಕಿ, ತಾನೇ ಕಮ್ಮಿಯಾಗುತ್ತೆ" ಅಂದನಂತೆ.

ಭಾವ ಅಡುಗೆಮನೆಗೆ ಬಂದು ದನಿ ತಗ್ಗಿಸಿ ನನಗೆ ಇದನ್ನು ಹೇಳಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ದಿನಕ್ಕೆ ಐದಾರು ಸಲ ಹಾಕ್ತಾಳೆ ಮಾರಾಯ್ತಿ. ಅವ್ಳ ಕೈಗಿರೋದು ಅದೊಂದೇ ಕೆಲ್ಸ. ಅದನ್ನೂ ಬೇಡ ಅನ್ಲಾ? ನನ್ನ ಕೈಲಿ ಆಗಲ್ಲ. ನೀನು ಹೇಳ್ತೀಯಾ?"

"ನನ್ನ ಕೈಲೂ ಆಗಲ್ಲ ಭಾವ."

ಅಕ್ಕನ ಕೈ ಉಳಿಯಬೇಕು, ಹುಳು ಹೋಗಬೇಕು. ಭಾವನಿಗೆ ಜೀವಮಾನವಿಡೀ ಗೊತ್ತಿದ್ದ ದಾರಿ ಒಂದೇ. ಅಕ್ಕ ಮಧ್ಯಾಹ್ನ ಮಲಗಿದ್ದಾಗ ಅಂಗಡಿಯಿಂದ ಮೈಲುತುತ್ತದ ಪುಡಿ ತಂದರು. ಸಸಿಮಡಿಗೆ ಹಾಕುವ ಅಳತೆಗಿಂತ ಎಷ್ಟೋ ಕಮ್ಮಿ ಎಂದು ನನಗೆ ತೋರಿಸಿಯೇ ನೀರಲ್ಲಿ ಕದಡಿ ತೊಟ್ಟಿಗೆ ಹೊಯ್ದರು. ಸಂಜೆಗೆ ಹುಳುಗಳು ಗಾಜು ಬಿಟ್ಟು ಉದುರಿದವು. ಭಾವ ಗೆದ್ದವರ ಹಾಗೆ ಮೀಸೆ ತಿರುವಿದರು.

ಬೆಳಿಗ್ಗೆ ಮೀನುಗಳೂ ಮಗುಚಿ ತೇಲುತ್ತಿದ್ದವು, ಎಲ್ಲವೂ. ನಮ್ಮ ಕಡೆಯ ನೀರು ಸುಣ್ಣದಂಶ ಕಮ್ಮಿಯಿರುವ ಮೆದು ನೀರಂತೆ, ಅಂಥ ನೀರಲ್ಲಿ ಮೈಲುತುತ್ತದೊಳಗಿನ ತಾಮ್ರದ ವಿಷ ಮೀನಿಗೆ ಇನ್ನೂ ಜೋರಾಗಿ ಏರುತ್ತದಂತೆ. ಇದೆಲ್ಲ ಆಮೇಲೆ ಗೊತ್ತಾದದ್ದು. ತೊಟ್ಟಿಗೆ ಬಟ್ಟೆ ಹೊದೆಸುವುದರೊಳಗೆ ಅಕ್ಕ ಕಣ್ಣುಬಿಟ್ಟಿದ್ದಳು. ಬಹಳ ಹೊತ್ತು ನೀರನ್ನೇ ನೋಡಿದಳು, ಆಮೇಲೆ ತನ್ನ ಬೆರಳನ್ನು ನೋಡಿಕೊಂಡಳು.

"ನಾನು... ಜಾಸ್ತಿ ಹಾಕಿದ್ನಾ?"

"ಇಲ್ಲ ಕಣೇ" ಎಂದರು ಭಾವ. "ನಾನು ಮೈಲುತುತ್ತ ಹಾಕ್ದೆ. ಹುಳ ಸಾಯ್ಲಿ ಅಂತ. ನಾನೇ ಕೊಂದಿದ್ದು. ದೇವ್ರಾಣೆ."

ಅಕ್ಕ ಅವರನ್ನು ಎಷ್ಟು ಪ್ರೀತಿಯಿಂದ ನೋಡಿದಳೆಂದರೆ, ಈಗಲೂ ನನಗೆ ಅದನ್ನು ನೆನೆಯಲಾಗುವುದಿಲ್ಲ. "ಬಿಡಿ. ನನ್ನ ಸಮಾಧಾನಕ್ಕೆ... ಎಷ್ಟು ಅಂತ ಸುಳ್ಳು ಹೇಳ್ತೀರಿ" ಎಂದಳು.

ನಾನೂ ಹೇಳಿದೆ, ಕಣ್ಣಾರೆ ಕಂಡೆ ಎಂದೆ. ಭಾವ ಮೈಲುತುತ್ತದ ಪೊಟ್ಟಣವನ್ನೇ ತಂದು ತೋರಿಸಿದರು. ಔಷಧಿ ಅಂಗಡಿಯವರ ಮನೆಯಲ್ಲಿ ಪೊಟ್ಟಣಕ್ಕೇನು ಬರ? ನಾವಿಬ್ಬರೂ ಸೇರಿ ಹೂಡಿದ ನಾಟಕ ಎಂದೇ ಅವಳು ತಿಳಿದಳು. ಅಷ್ಟು ದಿನ ಅವಳಿಗೆ ಹೇಳಿದ್ದ ಅಕ್ಕರೆಯ ಸುಳ್ಳುಗಳೆಲ್ಲ ಸೇರಿ ಈ ಒಂದು ನಿಜವನ್ನು ತಿಂದುಹಾಕಿದವು.

ಭಾವ ಹೊಸ ಮೀನು ತಂದರು. ಅವಳ ಮುಂಗೈ ಎತ್ತಿ ತೊಟ್ಟಿಯ ಅಂಚಿಗಿಟ್ಟರೆ, "ಬೇಡ, ಪಾಪ, ಅವಾದ್ರೂ ಬದುಕ್ಲಿ" ಅಂದಳು. ಆಮೇಲೆ ಎಷ್ಟು ಗೋಗರೆದರೂ ಆ ಬೆರಳುಗಳು ಏನನ್ನೂ ಚಿವುಟಲಿಲ್ಲ. ದಿನ ಕಳೆದಂತೆ ಒಳಕ್ಕೆ ಮಡಚಿಕೊಂಡವು. ಮಾತೂ ಕಮ್ಮಿಯಾಯಿತು. ಮಳೆಗಾಲ ಮುಗಿಯುವ ಮೊದಲೇ ಅಕ್ಕ ಹೋದಳು. ಚಿತೆಗೇರಿಸುವ ಮುಂಚೆ ಆ ಬೆರಳುಗಳನ್ನು ಬಿಡಿಸಲು ನೋಡಿದೆ, ಬರಲಿಲ್ಲ.

ಭಾವ ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಯಾರು ಸಿಕ್ಕರೂ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ. "ಮೀನು ಕೊಂದಿದ್ದು ನಾನು, ಅವ್ಳು ನಂಬ್ಲೇ ಇಲ್ಲ" ಅನ್ನುತ್ತಾರೆ. ಜನ ಒಳ್ಳೆಯವರು. "ನಿಮ್ಮದೇನು ತಪ್ಪು ಬಿಡಿ, ಎಲ್ಲ ಹಣೇಬರಹ" ಅನ್ನುತ್ತಾರೆ. ನಾನೂ ಇಷ್ಟು ವರ್ಷ ಅದನ್ನೇ ಅಂದವಳು.

ಸೌತೆಕಾಯಿಯನ್ನು ಅಲ್ಲೇ ಬಿಟ್ಟು ಇವತ್ತು ಅವರಿಗೆ ಫೋನು ಮಾಡಿದೆ. ಮಳೆ, ಮಂಡಿನೋವಿನ ಮಾತೆಲ್ಲ ಮುಗಿದ ಮೇಲೆ ಅವರು ಎಂದಿನಂತೆ, "ನಾನೇ ಕಣೇ ಹಾಕಿದ್ದು" ಎಂದರು. ಹಣೇಬರಹ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ತಡೆದೆ.

"ಹೌದು ಭಾವ, ನೀವೇ ಹಾಕಿದ್ದು. ನಾನು ನೋಡಿದೀನಿ. ನೀವೇ ಕೊಂದಿದ್ದು. ಅಕ್ಕನ ಕೈಯಿಂದ ಒಂದು ಮೀನೂ ಸತ್ತಿಲ್ಲ."

ಆ ಕಡೆ ಭಾವ ಅಳತೊಡಗಿದರು, ಗಟ್ಟಿಯಾಗಿ, ಬಾಯಿಬಿಟ್ಟು. ಅಕ್ಕ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನು ಫೋನನ್ನು ಕಿವಿಗೆ ಹಿಡಿದುಕೊಂಡು ನಿಂತೇ ಇದ್ದೆ. ಸಮಾಧಾನ ಮಾತ್ರ ಹೇಳಲಿಲ್ಲ.