ದೊಡ್ಡಪ್ಪ ಕ್ರೋಯ್ಡನ್ನಿಗೆ ವಿಶ್ರಾಂತಿಗೆ ಬಂದದ್ದು

ಆಗೆಲ್ಲ ಊರಿಂದ ಯಾರಾದರೂ ಬರುತ್ತಾರೆಂದರೆ ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿಗೆ ಹಬ್ಬ. ಸೂಟ್‌ಕೇಸ್ ತೆರೆದ ಕೂಡಲೇ ಹಪ್ಪಳ, ಕೊಬ್ಬರಿ ಎಣ್ಣೆ, ಒಣಸಿಗಡಿ ಎಲ್ಲದರ ವಾಸನೆ ಒಟ್ಟಿಗೇ ಎದ್ದು ಲಿಫ್ಟಿನವರೆಗೂ ಹೋಗುತ್ತಿತ್ತು. ಪಕ್ಕದ ಮನೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾವು ಮಕ್ಕಳು ಸೂಟ್‌ಕೇಸಿನೊಳಗೇ ಮೂಗು ತೂರಿಸುತ್ತಿದ್ದೆವು.

ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ಬೇಸಿಗೆಯಲ್ಲಿ, ಅಂದರೆ ಊರಿನ ಮಳೆಗಾಲದಲ್ಲಿ, ಬಂದವರು ದೊಡ್ಡಪ್ಪ, ಅಪ್ಪನ ಅಣ್ಣ. ಕುಂದಾಪುರದ ಕಡೆ ಶಾಸಕರಾಗಿದ್ದರು. ಎದೆಯ ಆಪರೇಷನ್ ಆಗಿ, ಊರಲ್ಲಿದ್ದರೆ ಜನ ಬಿಡುವುದಿಲ್ಲ, ಸಮುದ್ರದಾಚೆ ಎಲ್ಲಾದರೂ ಹೋಗಿ ಮಲಗಿ ಎಂದು ಡಾಕ್ಟರೇ ಓಡಿಸಿದ್ದರು. ಪಾಪ, ಡಾಕ್ಟರಿಗೆ ನಮ್ಮ ಕಡೆಯ ಜನ ಗೊತ್ತಿರಲಿಲ್ಲ. ಬಂದ ಮರುದಿನವೇ ನಮ್ಮ ಫೋನ್ ನಂಬರ್ ಇಡೀ ಕ್ಷೇತ್ರದ ಬಾಯಲ್ಲಿತ್ತು. ಇಲ್ಲಿ ಬೆಳಕು ಹರಿಯುವ ಮೊದಲೇ ಅಲ್ಲಿ ಹೊತ್ತು ಏರಿರುತ್ತದಲ್ಲ, ಟ್ರ್ಯಾಮ್ ಶುರುವಾಗುವ ಮುಂಚೆ ನಮ್ಮ ಫೋನ್ ಶುರುವಾಗುತ್ತಿತ್ತು. ಒಬ್ಬರಿಗೆ ಕರೆಂಟ್ ಕಂಬ, ಇನ್ನೊಬ್ಬರಿಗೆ ಮಗಳ ಹಾಸ್ಟೆಲ್ ಸೀಟು.

"ಡಾಕ್ಟ್ರು ಎಂತ ಹೇಳಿರ್ ಭಾವಯ್ಯ? ಫೋನ್ ಮುಟ್ಟುಕಾಗ ಅಂದಿರಲ್ದಾ?" ಅಮ್ಮ ಗಂಜಿ ಬಟ್ಟಲನ್ನು ಸದ್ದು ಮಾಡಿಯೇ ಇಡುತ್ತಿದ್ದಳು.

"ಅವ್ರು ನನ್ನ ಎದಿ ಕಂಡಿರ್. ನನ್ನ ಕ್ಷೇತ್ರ ಕಾಣ್ಲಿಲ್ಲೆ," ಎನ್ನುತ್ತಿದ್ದರು ದೊಡ್ಡಪ್ಪ.

ಹೀಗಿರುವಾಗ ಒಂದು ಬೆಳಗ್ಗೆ ಊರಿನ ಸೀತಕ್ಕನ ನೆರೆಮನೆಯವರು ಫೋನ್ ಮಾಡಿದರು. ಸೀತಕ್ಕ ಹಾಸಿಗೆ ಹಿಡಿದಿದ್ದಾಳೆ, ಹೆಚ್ಚು ದಿನವಿಲ್ಲ. ಮಗ ಭಾಸ್ಕರ ಲಂಡನ್ನಿನ ಇನ್ನೊಂದು ಮೂಲೆಯ ಸ್ಟ್ರಾಟ್‌ಫರ್ಡಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದಾನೆ, ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿದೆ, ಬೇರೆ ಆಳು ಸಿಗುವವರೆಗೆ ಕೊಡುವುದಿಲ್ಲ ಎನ್ನುತ್ತಾನೆ. ಅವಳು ಕಣ್ಣು ಮುಚ್ಚುವ ಮೊದಲು ಹುಡುಗನನ್ನು ಊರು ಮುಟ್ಟಿಸಿ ಎಂದರು.

ದೊಡ್ಡಪ್ಪನಿಗೆ ತಿಳಿದ ದಾರಿ ಒಂದೇ. ನಮ್ಮ ಭಾಗದ ಎಂಪಿ ಆಗಾಗ ಲೈಬ್ರರಿಯಲ್ಲಿ ಕೂತು ಜನರ ಅಹವಾಲು ಕೇಳುತ್ತಾರೆಂದು ಅಪ್ಪ ಹೇಳಿದ್ದೇ ತಡ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟರು. ಜೊತೆಗೆ ಜರಿಶಾಲು, ಒಂದು ಬುಟ್ಟಿ ಸೇಬು.

"ಅವ್ರೂ ನನ್ನ ಹಾಂಗೆ ಗೆದ್ದ್ ಬಂದರ್. ಬರಿಗೈಯಗೆ ಹೋಪುಕಾಗ."

ಇಂಗ್ಲಿಷಿಗೆಂದು ನನ್ನನ್ನು ಕರೆದುಕೊಂಡರು. ಲೈಬ್ರರಿಯ ಬಾಗಿಲಲ್ಲಿದ್ದ ಎಂಪಿ ಕಚೇರಿಯ ಹೆಂಗಸು ಶಾಲು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದಳು. ನಾನು ವಿಷಯ ಹೇಳಿದ ಮೇಲೆ ಹುಡುಗನ ಪೋಸ್ಟ್‌ಕೋಡ್ ಕೇಳಿದಳು. ಸ್ಟ್ರಾಟ್‌ಫರ್ಡ್ ನಮ್ಮ ಭಾಗವಲ್ಲ, ಅವನೇ ಅಲ್ಲಿಯ ಎಂಪಿಗೆ ಬರೆಯಲಿ ಎಂದು ಮೆಲ್ಲಗೆ, ನಗುಮುಖದಲ್ಲೇ ಹೇಳಿ ಮುಂದಿನವರನ್ನು ಕರೆದಳು.

ಹೊರಗೆ ಬೆಂಚಿನ ಮೇಲೆ ದೊಡ್ಡಪ್ಪ ಕೂತರು. "ಅವ ಎಲ್ಲಿ ಮನಿಕಂತ ಅಂದೇಳಿ ಕೇಂಡದ್ದಾ? ಅವನ ಅಬ್ಬಿ ವೋಟ್ ಹಾಕದ್ದ್ ನಂಗಲ್ದಾ ಮಗಳೇ?" ಹುಡುಗ ಎಲ್ಲಿ ಮಲಗುತ್ತಾನೆಂಬುದಲ್ಲ, ಅವನ ತಾಯಿ ಯಾರಿಗೆ ವೋಟು ಹಾಕಿದಳೆಂಬುದೇ ಅವರ ಲೆಕ್ಕ. ಇಬ್ಬರೂ ಆ ಸೇಬನ್ನೇ ಒಂದೊಂದು ತಿಂದು ಮನೆಗೆ ಬಂದೆವು.

ಮರುದಿನ ನಾವು ಸ್ಟ್ರಾಟ್‌ಫರ್ಡಿಗೆ ಹೊರಟೆವು. ಮಾತ್ರೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡು, ದಾರಿಯುದ್ದಕ್ಕೂ ಗೊಣಗುತ್ತ ಅಮ್ಮನೂ ಬಂದಳು. ಟ್ಯೂಬ್ ರೈಲಿನ ನಿಲ್ದಾಣದ ಮೆಟ್ಟಿಲಲ್ಲಿ ದೊಡ್ಡಪ್ಪ ಎದೆ ಹಿಡಿದು ನಿಂತಾಗ ಮಾತ್ರ ಅವಳ ಗೊಣಗಾಟ ನಿಂತಿತು.

ಹೋಟೆಲ್ ಮಾಲೀಕನೂ ನಮ್ಮ ಕಡೆಯವನೇ. ಶಾಸಕರನ್ನು ಕಂಡು ಓಡಿಬಂದ, ತಾನೇ ಕಾಫಿ ತಂದಿಟ್ಟ. ದೊಡ್ಡಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನಿನ್ನ ಅಪ್ಪಯ್ಯನ ಬೊಜ್ಜಕ್ಕೆ ಬಂದ್, ಪಂಕ್ತಿಯಗೆ ಕೂಕಂಡ್ ಉಂಡಿದೆ ನಾನ್. ಭಾಸ್ಕರನ ಪಾಸ್‌ಪೋರ್ಟ್ ಕೊಡುವರಿಗೆ ನಿನ್ನ ಹೋಟ್ಲಗೆ ನೀರೂ ಕುಡೂದಿಲ್ಲೆ."

ನಮ್ಮ ಕಡೆ ಸಾವಿನ ಮನೆಯ ಬೊಜ್ಜದೂಟಕ್ಕೆ ಬಂದು ಎಲೆಯ ಮುಂದೆ ಕೂತವರು ಮನೆಯವರಾದಂತೆಯೇ. ಅಂಥವರು ನೀರು ಒಲ್ಲೆ ಎಂದರೆ ಏನೆಂದು ಬೇರೆಯವರಿಗೆ ವಿವರಿಸುವುದು ಕಷ್ಟ. ಮಾಲೀಕನ ಮುಖದ ಬಣ್ಣ ಹೋಯಿತು. ಆದರೂ ಸೀಸನ್ ಅಂದ, ಆಳಿಲ್ಲ ಅಂದ, ಎಲ್ಲರಿಗೂ ಕಷ್ಟವಿದೆ ಅಂದ. ಅಡುಗೆಮನೆಯ ಬಾಗಿಲಲ್ಲಿ ಭಾಸ್ಕರ ಹಿಟ್ಟಿನ ಕೈಯಲ್ಲೇ ನಿಂತು ನೋಡುತ್ತಿದ್ದ.

ಮಧ್ಯಾಹ್ನದ ಗಿರಾಕಿಗಳು ಬಂದು ದೋಸೆ ತಿಂದು ಹೋದರು. ದೊಡ್ಡಪ್ಪನ ಮಾತ್ರೆಯ ಹೊತ್ತು ಮೀರಿತು. "ಮಾತ್ರೆಗಾರೂ ಒಂದ್ ಗುಟುಕ್ ಕುಡೀನಿ ಭಾವಯ್ಯ," ಎಂದು ಅಮ್ಮ ಬೇಡಿಕೊಂಡಳು. ಅವರ ಹಣೆಯಲ್ಲಿ ಬೆವರು. ತಲೆ ಅಲ್ಲಾಡಿಸಿದರು. ಅಮ್ಮ ಎಲ್ಲರೆದುರೇ ಅಳತೊಡಗಿದಳು. ನನಗೆ ಆ ಭಾಸ್ಕರನ ಮೇಲೆ, ಕಂಡೇ ಇರದ ಸೀತಕ್ಕನ ಮೇಲೆ ವಿಪರೀತ ಸಿಟ್ಟು ಬಂತು. ದೊಡ್ಡಪ್ಪ ಇಲ್ಲೇ ಸತ್ತರೆ ಯಾರು ಗತಿ?

ಕೊನೆಗೆ ಮಾಲೀಕ ಮಹಡಿ ಹತ್ತಿ ಹೋಗಿ ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟ. "ನೀರ್ ಕುಡೀನಿ ಅಣ್ಣಯ್ಯ," ಎಂದ. ದೊಡ್ಡಪ್ಪ ಮೊದಲು ಅದನ್ನು ಭಾಸ್ಕರನ ಕೈಗೆ ಕೊಟ್ಟು, ಆಮೇಲೆ ಲೋಟ ಎತ್ತಿದರು.

ಭಾಸ್ಕರ ಊರು ಮುಟ್ಟಿದಾಗ ಸೀತಕ್ಕನಿಗೆ ಇನ್ನೂ ಜ್ಞಾನವಿತ್ತಂತೆ. ಮಗನ ಕೆನ್ನೆ ಸವರಿ, ಬಡಕಲಾಗಿದ್ದೀಯ ಎಂದಳಂತೆ. ದೊಡ್ಡಪ್ಪ ಲಂಡನ್ನಿನಲ್ಲಿ ಕಂಡದ್ದು ಆ ಲೈಬ್ರರಿ ಮತ್ತು ಆ ಹೋಟೆಲ್, ಅಷ್ಟೇ. ಮುಂದಿನ ಚುನಾವಣೆಯಲ್ಲಿ, ಮಳೆಗೆ ಊರು ಮುಳುಗುವಾಗ ಶಾಸಕರು ಲಂಡನ್ನಿನಲ್ಲಿ ಮಜಾ ಮಾಡುತ್ತಿದ್ದರು ಎಂದು ಎದುರಾಳಿಗಳು ಸಾರಿದರು. ದೊಡ್ಡಪ್ಪ ಸೋತರು. ಹೋಟೆಲಿನ ವಿಷಯ ಎಲ್ಲೂ ಎತ್ತಲಿಲ್ಲ. ಈಗ ಅವರಿಲ್ಲ.

ನಾನೀಗ ಲಂಡನ್ನಿನ ಇನ್ನೊಂದು ಅಂಚಿನ ಅಕ್ಸ್‌ಬ್ರಿಡ್ಜಿನಲ್ಲಿದ್ದೇನೆ. ಆಫೀಸು, ಟ್ಯೂಬು, ಮಕ್ಕಳು ಎಂದು ದಿನ ಮುಗಿಯುವಷ್ಟರಲ್ಲಿ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಇಲ್ಲಿರುವ ಊರಿನವರದ್ದೊಂದು ವಾಟ್ಸಾಪ್ ಗುಂಪಿದೆ, ಅಂದು ಇದ್ದವರಿಗಿಂತ ಎಷ್ಟೋ ಪಾಲು ಹೆಚ್ಚು ಜನರಿದ್ದಾರೆ. ಮೊನ್ನೆ ಅದರಲ್ಲೊಂದು ಸಂದೇಶ ಬಂತು. ನಮ್ಮ ಕಡೆಯ ಹುಡುಗನೊಬ್ಬ ಇಲ್ಲಿಯ ಹೋಟೆಲಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಊರಲ್ಲಿ ತಂದೆಗೆ ಸೀರಿಯಸ್, ಮಾಲೀಕ ಬಿಡುತ್ತಿಲ್ಲ. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ನಾನೂ ಒಂದು ಒತ್ತಿದೆ.

ಪಕ್ಕದಲ್ಲಿ ಕೂತಿದ್ದ ಅಮ್ಮ ಏನೆಂದು ಕೇಳಿದಳು. ಓದಿ ಹೇಳಿದೆ.

"ಯಾರಾರೂ ಹೋಯಿರಾ?" ಎಂದಳು.

ಇಲ್ಲ ಎಂದೆ. ಅಮ್ಮ ನನ್ನ ಮುಖವನ್ನೇ ನೋಡುತ್ತ ಕೂತಳು.