ಇಡಾ ಬಿಟ್ಟುಕೊಟ್ಟ ಮುಂದಿನ ಸೀಟು

ಇಡಾ ಮೊಂತೇರೊ ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಅವರ ಹತ್ತಿರ ಕ್ಷಮೆ ಕೇಳಬೇಕೆಂದು ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ವರೆಗೆ ಹೋಗಿ, ಅವರ ಸೋಫಾದ ಮೇಲೆ ಕೂತು, ಅವರು ಮಾಡಿದ ಕೇಕ್ ತಿಂದು, ಕೇಳದೆ ವಾಪಸ್ ಬಂದವಳು ನಾನು. ಬಾಯಲ್ಲಿ ಆಗದ್ದು ಕಾಗದದ ಮೇಲಾದರೂ ಆಗುತ್ತದೋ ನೋಡೋಣ.

ನನ್ನ ಹೆಸರು ವೇದಾವತಿ. ಹುಟ್ಟಿದ್ದು ಮೈಸೂರು, ಇಪ್ಪತ್ತೈದು ವರ್ಷದಿಂದ ಸಿಡ್ನಿ, ಮನೆ ರೌಸ್ ಹಿಲ್‌ನಲ್ಲಿ. ನಮ್ಮ ಕನ್ನಡ ಸಂಘದಲ್ಲಿ ಯಾವ ಕಾರ್ಯಕ್ರಮವಾದರೂ ವಂದನಾರ್ಪಣೆ ನನ್ನದೇ. ಮೈಕ್ ನನ್ನ ಕೈಗೆ ಹೋದರೆ ಊಟ ಆರಿ ತಣ್ಣಗಾಯಿತು ಅಂತಲೇ ಲೆಕ್ಕ ಎಂದು ನನ್ನ ಗಂಡ ಚಂದ್ರಶೇಖರ್ ಹಂಗಿಸುತ್ತಾರೆ. ಹಂಗಿಸಲಿ. ಈ ವಂದನಾರ್ಪಣೆಯ ಚಟವೇ ಕೊನೆಗೆ ನನ್ನ ಮಾನ ಕಳೆಯಿತು.

ಕಳೆದ ಏಪ್ರಿಲ್‌ನಲ್ಲಿ ನಾವಿಬ್ಬರೂ ದಕ್ಷಿಣ ಸ್ಪೇನಿಗೆ ಕೋಚ್ ಟೂರ್ ಬುಕ್ ಮಾಡಿದ್ದೆವು. ರೋಂಡಾ, ಸೆವಿಲ್, ಕಾರ್ಡೋಬಾ, ಗ್ರನಾಡಾ ಎಂಬ ಹಳೆಯ ಊರುಗಳು, ಎಂಟು ರಾತ್ರಿ, ಒಂದು ಬಸ್ಸು, ಮೂವತ್ತನಾಲ್ಕು ಜನ. ಬಹುಪಾಲು ಎಲ್ಲರೂ ಆಸ್ಟ್ರೇಲಿಯಾದಿಂದ ಬಂದವರೇ. ಮೊದಲಿಂದ ಕೊನೆಯವರೆಗೂ ಜೊತೆಗಿದ್ದು ನಮ್ಮನ್ನು ಎಣಿಸಿ ಎಣಿಸಿ ಬಸ್ಸು ಹತ್ತಿಸಲು ಮಾರ್ತಾ ಎಂಬ ಸ್ಪೇನಿನ ಹೆಂಗಸು. ಸೀಟುಗಳು ದಿನಾ ಸರದಿಯ ಮೇಲೆ ಬದಲಾಗುತ್ತಿದ್ದವು. ಅದೃಷ್ಟವಿದ್ದವರಿಗೆ ಒಂದು ದಿನ ಮುಂದಿನ ಸಾಲು ಸಿಗುತ್ತಿತ್ತು.

ನಾವೆಲ್ಲ ಬಂದಿಳಿದ ಮಾಲಗಾ ವಿಮಾನ ನಿಲ್ದಾಣದಲ್ಲೇ ನಾನು ಇಡಾರನ್ನು ಮೊದಲು ನೋಡಿದ್ದು. ಗಿಡ್ಡ ದೇಹ, ಕಪ್ಪು ಮೈಬಣ್ಣ, ಕತ್ತರಿಸಿದ ನರೆಗೂದಲು, ನೀಲಿ ಕಾರ್ಡಿಗನ್, ಕುತ್ತಿಗೆಯಲ್ಲಿ ಎಳೆಯಂಥ ಚಿನ್ನದ ಸರಕ್ಕೆ ಒಂದು ಶಿಲುಬೆ. ಎಂಬತ್ತು ದಾಟಿದ ಜೋನ್ ಎಂಬ ಬಿಳಿ ಅಜ್ಜಿಯೊಬ್ಬರ ಮೊಣಕೈ ಹಿಡಿದು, ಇನ್ನೊಂದು ಕೈಯಲ್ಲಿ ಅಜ್ಜಿಯ ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಅಜ್ಜಿ ಸಂಬಳ ಕೊಟ್ಟು ಕರೆತಂದ ಆರೈಕೆಯವಳು ಎಂದು ತೀರ್ಮಾನಿಸಿಬಿಟ್ಟೆ.

ಆ ತೀರ್ಮಾನಕ್ಕೆ ಕಾರಣ ಏನೆಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಅದೇ ಜಾಗದಲ್ಲಿ ಒಬ್ಬ ಬೆಳ್ಳನೆಯ, ರೇಷ್ಮೆ ಸ್ಕಾರ್ಫ್ ಹಾಕಿದ ಹೆಂಗಸು ಅಜ್ಜಿಯ ಕೈ ಹಿಡಿದಿದ್ದರೆ, ಎಷ್ಟು ಒಳ್ಳೆಯವರು ಅನ್ನುತ್ತಿದ್ದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿಗೆ ಬಂದ ಒಬ್ಬ ನನ್ನನ್ನು ಕ್ಲೀನರ್ ಎಂದುಕೊಂಡು ಕಸದ ಬುಟ್ಟಿ ತೋರಿಸಿದ್ದ. ಆ ಕಥೆಯನ್ನು ಇಪ್ಪತ್ತು ವರ್ಷ ಊರೆಲ್ಲ ಹೇಳಿಕೊಂಡು ಸಿಟ್ಟು ಮಾಡಿದವಳು ನಾನು! ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕಿದರಂತೆ, ಹಾಗಾಯಿತು.

ಆಸ್ಟ್ರೇಲಿಯಾದಲ್ಲಿ ಹಳ್ಳಿಯ ಮೋಟೆಲಲ್ಲೂ ಕೆಟಲ್ ಇಟ್ಟಿರುತ್ತಾರೆ. ಸ್ಪೇನಿನ ನಮ್ಮ ದೊಡ್ಡ ಹೋಟೆಲಿನ ಕೋಣೆಯಲ್ಲಿ ಇರಲಿಲ್ಲ. ನನಗೋ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಹೊಟ್ಟೆಗೆ ಬೀಳದಿದ್ದರೆ ದಿನವೇ ಕೆಟ್ಟಂತೆ. ಮೊದಲ ಸಂಜೆ ಲಿಫ್ಟಿನ ಹತ್ತಿರ ಇಡಾ ಯಾರಿಗೋ ಫೋನಿನಲ್ಲಿ ಮಂಗಳೂರಿನ ಕನ್ನಡದಲ್ಲಿ ಮಾತಾಡುವುದು ಕೇಳಿ ಕುಣಿದಾಡುವಷ್ಟು ಖುಷಿಯಾಯಿತು. ನನ್ನ ಫ್ಲಾಸ್ಕ್ ಅವರ ಕೈಗಿತ್ತೆ.

"ಕನ್ನಡದವಳಾ? ದೇವರೇ ಕಳಿಸಿದ ಹಾಗಾಯ್ತು. ನೋಡಮ್ಮ, ಬೆಳಿಗ್ಗೆ ಅಡುಗೆಮನೆಯವರನ್ನ ಕೇಳಿ ಇದಕ್ಕೆ ಬಿಸಿನೀರು ತುಂಬಿಸ್ಕೊಂಡು ಬರ್ತೀಯಾ? ನಮ್ಮ ರೂಮ್ ಇನ್ನೂರ ಹನ್ನೆರಡು."

ಇಡಾ ಫ್ಲಾಸ್ಕನ್ನೂ ನನ್ನನ್ನೂ ನೋಡಿದರು. "ಆಯ್ತು, ತರ್ತೇನೆ. ಎಷ್ಟು ಗಂಟೆಗೆ ಏಳ್ತೀರಿ ನೀವು?" ಎಂದರು.

ಅವರು ನನಗಿಂತ ಎರಡು ವರ್ಷ ದೊಡ್ಡವರು. ನಾನು ನೀನು ಅಂದೆ, ಅವರು ನೀವು ಅಂದರು. ಎಂಟು ದಿನವೂ ಹಾಗೆಯೇ ನಡೆಯಿತು. ಸಂಜೆ ಊಟಕ್ಕೆ ಇಳಿಯುವಾಗ ಖಾಲಿ ಫ್ಲಾಸ್ಕ್ ಅವರ ಕೈಗೆ, ಬೆಳಿಗ್ಗೆ ಆರೂವರೆಗೆ ಬಾಗಿಲು ತಟ್ಟುವ ಸದ್ದು, ಹೊರಗೆ ಬಿಸಿ ಫ್ಲಾಸ್ಕ್.

ಒಂದು ಬಾಗಿಲು ತೆರೆದರೆ ಸಾಲದೇ? ಆಮೇಲೆ ನನ್ನ ನಾಲಿಗೆಗೆ ತಡೆಯೇ ಇರಲಿಲ್ಲ. ರೋಂಡಾದ ಕಣಿವೆಯ ಸೇತುವೆಯ ಮೇಲೆ ನನ್ನ ಬ್ಯಾಗು ಹಿಡಿದುಕೊಳ್ಳಲು ಹೇಳಿದೆ. ಸೆವಿಲ್‌ನ ದೊಡ್ಡ ಇಗರ್ಜಿಯಲ್ಲಿ ಇಡಾ ಮೊಣಕಾಲೂರಿ ಕಣ್ಣು ಮುಚ್ಚಿದ್ದರು. ನಮ್ಮಿಬ್ಬರ ಫೋಟೋ ತೆಗೆಯಲು ಜನ ಬೇಕಿತ್ತು, ಭುಜ ತಟ್ಟಿ ಎಬ್ಬಿಸಿದೆ. ಶಿಲುಬೆಯ ಗುರುತನ್ನು ಅರ್ಧದಲ್ಲೇ ಮುಗಿಸಿ ಎದ್ದು ಬಂದು, ಮೂರು ಫೋಟೋ ತೆಗೆದು, "ಇವರ ಕಣ್ಣು ಮುಚ್ಚಿತ್ತು, ಇನ್ನೊಂದು ತೆಗೆಯುವ" ಎಂದು ನಾಲ್ಕನೆಯದನ್ನೂ ತೆಗೆದರು. ಆ ಫೋಟೋ ಈಗಲೂ ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಅದನ್ನು ತೆಗೆದುಹಾಕುವ ಧೈರ್ಯ ನನಗಿನ್ನೂ ಬಂದಿಲ್ಲ.

ಆರನೆಯ ದಿನ ಕಾರ್ಡೋಬಾದಿಂದ ಗ್ರನಾಡಾಕ್ಕೆ ಪ್ರಯಾಣ. ಈ ದಾರಿಯಲ್ಲಿ ಹಿಮದ ಬೆಟ್ಟ ಕಾಣುತ್ತದೆ, ಮುಂದಿನ ಸೀಟಿನವರು ಪುಣ್ಯವಂತರು ಎಂದು ಮಾರ್ತಾ ಹಿಂದಿನ ದಿನವೇ ಹೇಳಿದ್ದಳು. ಅಂದು ಮುಂದಿನ ಸಾಲು ಜೋನ್ ಅಜ್ಜಿ ಮತ್ತು ಇಡಾರ ಪಾಲಿಗೆ ಬಂದಿತ್ತು. ಸೀಟಿನ ಪಟ್ಟಿಯಲ್ಲಿ ಅವರ ಹೆಸರು ನಮ್ಮೆಲ್ಲರ ಹೆಸರಿನ ಹಾಗೆಯೇ ಅಚ್ಚಾಗಿತ್ತು. ಕಣ್ಣಿದ್ದವರಿಗೆ ಅಷ್ಟು ಸಾಕಾಗಿತ್ತು.

ನಾನು ಬಸ್ಸು ಹತ್ತಿದವಳೇ ಇಡಾರ ಮುಂದೆ ನಿಂತೆ. "ನಂಗೆ ಹಿಂದೆ ಕೂತ್ರೆ ತಲೆ ಸುತ್ತುತ್ತೆ ಕಣಮ್ಮ. ನೀನು ನಮ್ಮನೆಯವರ ಪಕ್ಕ ಕೂತ್ಕೋ. ನಿನಗೇನು, ಹೇಗೂ ಕೆಲಸದ ಮೇಲೆ ಬಂದಿರೋಳು."

ತಲೆ ಸುತ್ತೂ ಇಲ್ಲ, ಏನೂ ಇಲ್ಲ. ನನಗೆ ಮುಂದಿನ ದೊಡ್ಡ ಗಾಜಿನಿಂದ ವಿಡಿಯೋ ಬೇಕಿತ್ತು.

ಇಡಾ ಏನೋ ಹೇಳಲು ಬಾಯಿ ತೆರೆದರು. ಹಿಂದೆ ಜನ ಹತ್ತಲು ಕಾಯುತ್ತಿದ್ದರು. "ಪರವಾಗಿಲ್ಲ, ನೀವು ಕೂತ್ಕೊಳ್ಳಿ" ಎಂದು ಎದ್ದು, ಹತ್ತನೆಯ ಸಾಲಿಗೆ ಹೋದರು. ಜೋನ್ ಅಜ್ಜಿ ದಾರಿಯುದ್ದಕ್ಕೂ ನನ್ನ ಜೊತೆ ಒಂದೂ ಮಾತಾಡಲಿಲ್ಲ. ಪಾಪ, ವಯಸ್ಸಾಯಿತು, ತೂಕಡಿಕೆ ಎಂದುಕೊಂಡೆ.

ಆಲಿವ್ ತೋಟಗಳ ಗುಡ್ಡ ದಾಟಿ ಒಂದು ತಿರುವು ಬಂತು. ಹಿಮದ ಬೆಟ್ಟ ಒಮ್ಮೆಲೇ ಎದುರಿಗೆ ನಿಂತಿತು. ನಾನು ವಿಡಿಯೋ ತೆಗೆಯುತ್ತಾ ಸಂಘದ ಗೆಳತಿಯರಿಗಾಗಿ ವಿವರಣೆಯನ್ನೂ ಕೊಟ್ಟೆ. ಕಾಫಿಗೆ ನಿಲ್ಲಿಸಿದಾಗ ಇಡಾರಿಗೂ ಉದಾರವಾಗಿ ಬಣ್ಣಿಸಿದೆ: "ತಿರುವು ತಿರುಗ್ತಿದ್ದ ಹಾಗೆ ಯಾರೋ ಬಿಳೀ ಪಂಚೆ ಒಗೆದು ಆಕಾಶದಲ್ಲಿ ಒಣಗಹಾಕಿದ ಹಾಗಿತ್ತು ನೋಡು." ಇಡಾ ಗಮನವಿಟ್ಟು ಕೇಳಿದರು. "ಬಿಳೀ ಪಂಚೆ," ಎಂದು ನಕ್ಕರು. "ನನಗೆ ಹಿಂದಿನಿಂದ ಬರೀ ಪರದೆ ಕಂಡದ್ದು."

ಕೊನೆಯ ಸಂಜೆ ಗ್ರನಾಡಾದಲ್ಲಿ ಬೀಳ್ಕೊಡುಗೆಯ ಊಟ. ಇಂಥ ಟೂರುಗಳಲ್ಲಿ ಕೊನೆಯ ದಿನ ಮಾರ್ತಾಗೆ, ಡ್ರೈವರಿಗೆ ಎಲ್ಲರೂ ಲಕೋಟೆಯಲ್ಲಿ ಟಿಪ್ಸ್ ಇಟ್ಟು ಸದ್ದಿಲ್ಲದೆ ಕೊಡುತ್ತಾರೆ. ಸದ್ದಿಲ್ಲದೆ ಕೊಟ್ಟರೆ ಅದು ವಂದನಾರ್ಪಣೆ ಹೇಗಾದೀತು? ನಾನು ಚಮಚದಿಂದ ಗ್ಲಾಸು ತಟ್ಟಿ ಎದ್ದು ನಿಂತೆ. ಇಂಗ್ಲಿಷಿನಲ್ಲಿ ಮಾರ್ತಾಳನ್ನು ಹೊಗಳಿದೆ, ಡ್ರೈವರನ್ನು ಹೊಗಳಿದೆ, ಚಪ್ಪಾಳೆ ಬಿತ್ತು. ಆಮೇಲೆ ಮೂರನೆಯ ಲಕೋಟೆ ಎತ್ತಿ ಹಿಡಿದು, "ಕೊನೆಯದಾಗಿ, ಎಂಟು ದಿನ ನಗುನಗುತ್ತಾ ನಮ್ಮ ಸೇವೆ ಮಾಡಿದ ಇಡಾಗೆ" ಎಂದೆ.

ಚಪ್ಪಾಳೆ ಬೀಳಲಿಲ್ಲ. ಮಾರ್ತಾ ನನ್ನ ಮುಖ, ಇಡಾರ ಮುಖ ನೋಡಿದಳು. ಜೋನ್ ಅಜ್ಜಿ ಫೋರ್ಕ್ ಕೆಳಗಿಟ್ಟು ಸ್ಪಷ್ಟವಾಗಿ, "ಅವಳೂ ನಿನ್ನ ಹಾಗೆಯೇ ದುಡ್ಡು ಕೊಟ್ಟು ರಜೆಗೆ ಬಂದವಳಲ್ಲವೇನಮ್ಮ?" ಎಂದರು.

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಲಕೋಟೆ ಹಿಡಿದ ಕೈ ಮೇಲೆಯೇ ಇತ್ತು. ಆಗ ಇಡಾ ಎದ್ದರು. ನನ್ನ ಹತ್ತಿರ ಬಂದು ಲಕೋಟೆ ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ, "ಇದು ನಮ್ಮಿಬ್ಬರ ನಡುವೆ ವಾರದಿಂದ ನಡೆದಿರೋ ತಮಾಷೆ. ನಾನು ಬಿಸಿನೀರು ತರೋದು, ಇವರು ಮಹಾರಾಣಿ!" ಎಂದು ನಕ್ಕುಬಿಟ್ಟರು. ಇಡೀ ಮೇಜು ನಕ್ಕಿತು. ಜೋನ್ ಅಜ್ಜಿಯೊಬ್ಬರು ನಗಲಿಲ್ಲ.

ಊಟವಾದ ಮೇಲೆ ಅಜ್ಜಿ ನನ್ನನ್ನು ಲಿಫ್ಟಿನ ಹತ್ತಿರ ಹಿಡಿದರು. ಅವರಿಗೂ ಇಡಾರಿಗೂ ಪರಿಚಯವಾದದ್ದೇ ಮಾಲಗಾದಲ್ಲಂತೆ. ಇಡಾ ಮಂಗಳೂರು ಕಡೆಯ ಕಿನ್ನಿಗೋಳಿಯಿಂದ ಗಂಡ ಬೊನವೆಂಚರ್ ಜೊತೆ ಮೆಲ್ಬರ್ನ್‌ಗೆ ಬಂದವರು. ಗಂಡ ಡ್ಯಾಂಡಿನಾಂಗ್‌ನ ಒಂದು ಕಾರ್ಖಾನೆಯಲ್ಲಿದ್ದರು, ತೀರಿಕೊಂಡು ಒಂಬತ್ತು ವರ್ಷ. ಇಡಾ ಮೊದಲು ಹೋಟೆಲಿನಲ್ಲಿ ಕೋಣೆ ಶುಚಿ ಮಾಡುತ್ತಿದ್ದರು, ಆಮೇಲೆ ವೃದ್ಧಾಶ್ರಮದಲ್ಲಿ ಕೆಲಸ. ಇಪ್ಪತ್ತಾರು ವರ್ಷ ಬೇರೆಯವರ ಹಾಸಿಗೆ ಸರಿಮಾಡಿ ಮಾರ್ಚ್‌ನಲ್ಲಿ ನಿವೃತ್ತರಾದರು. ಮಗಳು ಎರಡು ವರ್ಷ ಸಂಬಳ ಉಳಿಸಿ ಈ ಟೂರ್ ಕೊಡಿಸಿದಳು. "ಅವಳು ನನಗೆ ಮೊದಲ ದಿನ ಏನು ಹೇಳಿದಳು ಗೊತ್ತೇ?" ಎಂದರು ಅಜ್ಜಿ. "ಎಂಟು ಬೆಳಿಗ್ಗೆ ಎದ್ದು, ಹಾಸಿಗೆ ಹಾಗೇ ಬಿಟ್ಟು, ಯಾರಿಗೂ ಏನೂ ಮಾಡದೆ ಕೂತಿರ್ತೇನೆ ಅಂದಳು. ನನ್ನ ಕೈ ಹಿಡಿದದ್ದು ಅವಳ ಅಭ್ಯಾಸ. ನಿನ್ನ ಕೆಲಸ ಮಾಡಿದ್ದು ಅಭ್ಯಾಸ ಅಲ್ಲ, ನೀನು ಹೇಳಿದೆ ಅಂತ."

ಕೋಣೆಗೆ ಬಂದು ಅತ್ತೆ. "ನನಗೆ ಮೊದಲೇ ಅನುಮಾನ ಇತ್ತು ಕಣೇ" ಎಂದರು ನನ್ನ ಗಂಡ. ಮದುವೆಯಾಗಿ ಮೂವತ್ತಾರು ವರ್ಷ, ಈ ಮನುಷ್ಯರ ಅನುಮಾನಗಳೆಲ್ಲ ಊರು ಕೊಳ್ಳೆ ಹೋದ ಮೇಲೆಯೇ ಬಾಗಿಲು ತೆರೆಯುತ್ತವೆ. ಬೆಳಿಗ್ಗೆ ಮೊದಲ ಕೆಲಸವೇ ಇಡಾರ ಕಾಲು ಹಿಡಿಯುವುದು ಎಂದು ನಿಶ್ಚಯಿಸಿದೆ. ಬೆಳಿಗ್ಗೆ ಕೆಳಗೆ ಹೋದರೆ ಮೆಲ್ಬರ್ನ್ ವಿಮಾನದವರು ಐದಕ್ಕೇ ಹೊರಟಿದ್ದರು. ರಿಸೆಪ್ಷನ್‌ನಲ್ಲಿ ನನ್ನ ಫ್ಲಾಸ್ಕ್ ಇತ್ತು. ತುಂಬಿತ್ತು, ಇನ್ನೂ ಬಿಸಿಯಾಗಿತ್ತು.

ಐದು ತಿಂಗಳು ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಸೆಪ್ಟೆಂಬರ್‌ನಲ್ಲಿ ನಾದಿನಿಯ ಮಗಳು ಅನಘಾಳ ಗೃಹಪ್ರವೇಶಕ್ಕೆ ಮೆಲ್ಬರ್ನ್‌ಗೆ ಹೋದವಳು, ಟೂರಿನ ವಾಟ್ಸಾಪ್ ಗುಂಪಿನಿಂದ ನಂಬರ್ ಹುಡುಕಿ ಮೆಸೇಜ್ ಮಾಡಿದೆ. "ಬನ್ನಿ, ಮನೆಯಲ್ಲೇ ಇದ್ದೇನೆ" ಎಂದು ಉತ್ತರ ಬಂತು. ರೈಲಿನಲ್ಲಿ ಡ್ಯಾಂಡಿನಾಂಗ್‌ವರೆಗೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಸಾವಿರ ಜನರ ಮುಂದೆ ತಡವರಿಸದ ನಾಲಿಗೆ ಒಣಗಿ ಹೋಗಿತ್ತು.

ಬಾಗಿಲು ತೆರೆದದ್ದು ಮಗಳು ವೆನಿಟಾ. ನಾನು ಹೆಸರು ಹೇಳಿದ್ದೇ ತಡ, ತಬ್ಬಿಕೊಂಡಳು. ಅವಳಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿನಲ್ಲೇ, "ಆಂಟಿ, ಮಮ್ಮಿ ನಿಮ್ಮ ಬಗ್ಗೆ ಎಲ್ಲ ಹೇಳಿದ್ದಾರೆ" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೆ ಅಲ್ಲೇ ಬೆವರಿತು.

"ಗ್ರನಾಡಾ ದಾರಿಯಲ್ಲಿ ನಿಮ್ಮ ಮುಂದಿನ ಸೀಟು ಮಮ್ಮಿಗೆ ಬಿಟ್ಟುಕೊಟ್ಟಿರಂತೆ. ಯಾರು ಮಾಡ್ತಾರೆ ಅದನ್ನ? ತಿರುವಿನಲ್ಲಿ ಬೆಟ್ಟ ಕಂಡಿದ್ದನ್ನ ಮಮ್ಮಿ ಎಲ್ಲರಿಗೂ ಹೇಳ್ತಾರೆ. ಯಾರೋ ಬಿಳೀ ಬಟ್ಟೆ ಒಗೆದು ಆಕಾಶದಲ್ಲಿ ಒಣಗಹಾಕಿದ ಹಾಗಿತ್ತಂತೆ. ಥ್ಯಾಂಕ್ ಯು ಆಂಟಿ."

ಅಡುಗೆಮನೆಯ ಬಾಗಿಲಲ್ಲಿ ಇಡಾ ನಿಂತಿದ್ದರು. ಕೈಯಲ್ಲಿ ಟ್ರೇ. ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ನುಂಗಿಕೊಂಡು, "ಅದೇನು ದೊಡ್ಡದಲ್ಲಮ್ಮ" ಎಂದೆ. ಅಷ್ಟು ನಾಚಿಕೆ ಗ್ರನಾಡಾದ ಆ ಮೇಜಿನ ಮುಂದೆಯೂ ಆಗಿರಲಿಲ್ಲ.

ಹೊರಡುವಾಗ ಗೇಟಿನವರೆಗೆ ಇಡಾ ಒಬ್ಬರೇ ಬಂದರು. "ಇಡಾ ಅವರೇ, ನಾನು ನಿಮಗೆ..." ಎಂದು ಶುರು ಮಾಡಿದೆ.

"ಬೇಡ," ಎಂದರು. "ಮೊದಲ ದಿನವೇ ನಾನು ಹೇಳಬೇಕಿತ್ತು. ನಿಮಗೆ ಬೇಜಾರಾಗ್ತದೆ ಅಂತ ಬಿಟ್ಟೆ. ಮತ್ತೆ ಹೇಳಲಿಕ್ಕೆ ನನಗೇ ನಾಚಿಕೆ ಆಯ್ತು. ಅವಳಿಗೆ ಮಾತ್ರ ಗೊತ್ತಾಗುವುದು ಬೇಡ. ಎರಡು ವರ್ಷ ಕಷ್ಟಪಟ್ಟು ಕಳಿಸಿದ್ದಾಳೆ ಮಾರಾಯ್ರೆ. ಅವಳ ಮಮ್ಮಿ ಅಲ್ಲಿಯೂ ಕೆಲಸದವಳೇ ಆದಳು ಅಂತ ಅವಳಿಗೆ ಯಾಕೆ?" ಗೇಟಿನ ಚಿಲಕ ತೆಗೆದು, "ನಿಮ್ಮ ಲಕೋಟೆ ನನ್ನ ಕೋಣೆ ಗುಡಿಸುವವಳಿಗೆ ಇಟ್ಟು ಬಂದೆ. ಮತ್ತೆ, ಆ ಬೆಟ್ಟದ ವಿಡಿಯೋ ಉಂಟಲ್ಲ ನಿಮ್ಮಲ್ಲಿ? ಕಳಿಸ್ತೀರಾ? ನಾನು ತೆಗೆದದ್ದು ಅಂತ ವೆನಿಟಾಗೆ ತೋರಿಸ್ತೇನೆ. ನನಗೂ ನೋಡಬೇಕು" ಎಂದರು.

ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ವಿಡಿಯೋ ಹುಡುಕಿದೆ. ಕಳಿಸುವ ಮುಂಚೆ ಒಮ್ಮೆ ನೋಡೋಣವೆಂದು ಹಾಕಿದೆ. ಆಲಿವ್ ಗುಡ್ಡ, ತಿರುವು, ಬೆಟ್ಟ. ಅದರ ಮೇಲೆ ಸಂಭ್ರಮದಿಂದ ಉಕ್ಕುವ ನನ್ನ ದನಿ: "ನೋಡ್ರೇ ಹಿಮದ ಬೆಟ್ಟ! ಒಬ್ಬ ಕೆಲಸದವಳನ್ನ ಎಬ್ಬಿಸಿ ಹಿಂದಕ್ಕೆ ಕಳಿಸಿ ಈ ಸೀಟು ಗಿಟ್ಟಿಸಿದೆ ಕಣ್ರೇ!" ಸಂಘದ ಗೆಳತಿಯರು ಇದಕ್ಕೆ ಸಾಲುಸಾಲು ನಗುವ ಮುಖಗಳನ್ನು ಕಳಿಸಿದ್ದರು.

ಎರಡು ರೈಲು ಬಿಟ್ಟೆ. ಶಬ್ದ ತೆಗೆಯುವುದು ಹೇಗೆಂದು ಅನಘಾಗೆ ಫೋನ್ ಮಾಡಿ ಕೇಳಿ, ತೆಗೆದು, ಕಳಿಸಿದೆ. ಮೂರನೆಯ ರೈಲು ಬರುವಷ್ಟರಲ್ಲಿ ಇಡಾರ ಉತ್ತರ ಬಂತು.

"ಚಂದ ಉಂಟು. ಶಬ್ದ ಇಲ್ಲ. ಪರವಾಗಿಲ್ಲ, ನೀವು ಹೇಳಿದ್ದು ನನಗೆ ನೆನಪುಂಟು."